ಬಣ್ಣ ಬಿಡಿ, ತೊಡೆ ನೋಡಿ

ಈ ವಾರ ಹಲ್ಲಿಯ ಬಣ್ಣದ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಯರಗಟ್ಟಿಯ ಪಡಸಾಲೆಗಳಲ್ಲಿ ರಾತ್ರಿ ಟ್ಯೂಬ್‌ಲೈಟಿನ ಬುಡದಲ್ಲಿ ಬಿಳಿಚಿಕೊಂಡು ಕೂತ ಹಲ್ಲಿಯೇ ಹಗಲು ಜಂತಿಯ ಸಂದಿಯಲ್ಲಿ ಬೂದುಗಪ್ಪಾಗಿರುತ್ತದೆ. ಬಣ್ಣದ ವಿಷಯ ಇಷ್ಟೇ, ಮುಗಿಯಿತು. ಬೆನ್ನಿನ ಫೋಟೊ ತೆಗೆದು ‘ಕಪ್ಪಗಿರೋದು ಗಂಡು, ಬೆಳ್ಳಗಿರೋದು ಹೆಣ್ಣು’ ಎಂದು ತೀರ್ಪು ಕೊಡುವವರ ಜತೆ ನನ್ನ ಜಗಳ ಹಳೆಯದು; ಅದನ್ನು ನಾನು ಬಿಡುವವನಲ್ಲ.

ಬಾಲವನ್ನೂ ನಂಬಬೇಡಿ. ಮನೆಹಲ್ಲಿಯ ಹುಟ್ಟುಬಾಲದ ಮೇಲೆ ಮುಳ್ಳಿನಂಥ ಗಂಟುಗಳ ಸಾಲಿರುತ್ತದೆ. ಕಳಚಿ ಮತ್ತೆ ಬೆಳೆದ ಬಾಲಕ್ಕೆ ಆ ಗಂಟಿಲ್ಲ, ಒಳಗೆ ಬೆನ್ನುಮೂಳೆಯೂ ಇಲ್ಲ, ಮೃದ್ವಸ್ಥಿಯ ಕೊಳವೆ ಮಾತ್ರ. ನೋಡಿದವರಿಗೆ ಬೇರೆ ಜಾತಿಯ ಹಲ್ಲಿ ಅನ್ನಿಸಿಬಿಡುತ್ತದೆ.

ನೋಡಬೇಕಾದದ್ದು ತೊಡೆಯ ಅಡಿಯ ರಂಧ್ರಗಳ ಸಾಲು. ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಮಾಲೆಯಲ್ಲಿ ಮಾಲ್ಕಮ್ ಸ್ಮಿತ್ 1935ರಲ್ಲಿ ತಂದ ಹಲ್ಲಿ-ಓತಿಗಳ ಸಂಪುಟವನ್ನು ನಾನು ಮತ್ತೆ ಮತ್ತೆ ತೆರೆಯುವುದು ಇದಕ್ಕೇ. ಸ್ಪಿರಿಟ್ಟಿನಲ್ಲಿಟ್ಟ ಹಲ್ಲಿಯ ಬಣ್ಣ ಮಾಸುತ್ತದೆ, ಹುರುಪೆ ಮತ್ತು ರಂಧ್ರಗಳ ಎಣಿಕೆ ಮಾಸುವುದಿಲ್ಲ. ಸ್ಮಿತ್ ಆ ಎಣಿಕೆಯನ್ನು ಹಿಡಿದು ಜಾತಿ ಬಿಡಿಸುತ್ತಾ ಹೋಗುವ ಶಿಸ್ತಿಗೆ ನಾನು ಸೋತಿದ್ದೇನೆ. ಮನೆಹಲ್ಲಿಯ ಗಂಡಿಗೆ ಎರಡೂ ತೊಡೆಗಳನ್ನು ಸೇರಿಸಿ ಸುಮಾರು ಮೂವತ್ತು ರಂಧ್ರಗಳು, ನಡುವೆ ಕಡಿಯದ ಒಂದೇ ಸಾಲು. ಬೇವಿನ ತೊಗಟೆಗೆ ಅಂಟಿಕೊಳ್ಳುವ ಮರಹಲ್ಲಿಯ ಗಂಡಿನಲ್ಲಿ ಆ ಸಾಲು ನಡುವೆ ಕಡಿದು ಎರಡಾಗುತ್ತದೆ. ರಂಧ್ರಗಳಿಂದ ಒಸರುವ ಮೇಣ ವಾಸನೆಯ ಗುರುತು. ಹೆಣ್ಣಿಗೆ ಈ ಸಾಲು ಇಲ್ಲ. ಗಂಡಿನ ಬಾಲದ ಬುಡದಲ್ಲಿ ಎರಡು ಉಬ್ಬುಗಳೂ ಇರುತ್ತವೆ. ಹಿಡಿಯುವುದೇ ಬೇಡ: ಕಿಟಕಿಯ ಗಾಜಿನ ಆಚೆ ಕೂತ ಹಲ್ಲಿಯನ್ನು ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಕು.

ಹಾಗೆ ಗಾಜಿನಲ್ಲಿ ನೋಡುವಾಗ ಹೆಣ್ಣಿನ ಹೊಟ್ಟೆಯ ತೆಳುಚರ್ಮದಡಿ ಎರಡು ಬಿಳಿ ಮೊಟ್ಟೆಗಳು ಕಂಡರೆ, ಮೇಲೆ ಕತ್ತನ್ನೂ ನೋಡಿ. ರಂಧ್ರಕ್ಕಿಂತ ನನಗೆ ಇದೇ ಹೆಚ್ಚು ಬೆರಗು. ಕತ್ತಿನ ಎರಡೂ ಪಕ್ಕ ಬಿಳಿ ಗಡ್ಡೆಗಳು ಉಬ್ಬಿರುತ್ತವೆ. ರೋಗವೆಂದು ಜನ ಹೆದರುತ್ತಾರೆ, ಅದು ರೋಗವಲ್ಲ. ಒಳಕಿವಿಯಿಂದ ಕತ್ತಿನವರೆಗೆ ಚಾಚಿದ ಚೀಲಗಳವು, ತುಂಬಿರುವುದು ಸುಣ್ಣ. ಹಾವಿನ ಮೊಟ್ಟೆ ತೊಗಲಿನಂತೆ ಮೆತ್ತಗಿದ್ದರೆ ಮನೆಹಲ್ಲಿಯದು ಗಟ್ಟಿ ಚಿಪ್ಪಿನದು. ಆ ಚಿಪ್ಪಿಗೆ ಬೇಕಾದ ಸುಣ್ಣವನ್ನು ತಾಯಿ ಮೊದಲೇ ಕೂಡಿಟ್ಟುಕೊಳ್ಳುವ ಜಾಗ ಇದು. ಗಂಡಿಗೂ ಚೀಲ ಉಂಟು, ಹೀಗೆ ಉಬ್ಬುವುದು ಅಪರೂಪ. ಆದ್ದರಿಂದ ತೊಡೆ ಸರಿಯಾಗಿ ಕಾಣದೆ ಅನುಮಾನ ಉಳಿದರೆ ಕತ್ತು ನೋಡಿ.