ಕುಂತಳದ ಚಂದ್ರಹಾಸ, ಪುಣೆಯ ರಾಜಿ

ಪುರಾಣದ ಲೋಕದೊಳಗೆ ಪುರಾಣದಲ್ಲಿಲ್ಲದ ನಾಯಕರನ್ನು ತರುವುದು ಅಪಚಾರವೆಂದು ಸಂಘದ ಹಿರಿಯರೊಬ್ಬರು ಕಳೆದ ಸಭೆಯಲ್ಲಿ ನುಡಿದರು. ಮಾತು ಹೊರಟದ್ದು ಮಕ್ಕಳ ಕಂಪ್ಯೂಟರ್ ಆಟಗಳ ಕುರಿತು. ಅಂದು ನಾವು ಸುಮ್ಮನಿದ್ದೆವು. ಸುಮ್ಮನಿರಲು ಕಾರಣವೂ ಇತ್ತು: ಹಿಂದೊಮ್ಮೆ ಶಾಲೆಯ ನಾಟಕಕ್ಕಾಗಿ ಹುಡುಗನೊಬ್ಬ ಕುರುಕ್ಷೇತ್ರದಲ್ಲಿ ಕುದುರೆ ಕಾಯುವ ಬಾಲಕನೊಬ್ಬನನ್ನು ಸೃಷ್ಟಿಸಿದಾಗ, ಆ ಪಾತ್ರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವರು ನಾವೇ.

ದೀಪಾವಳಿಗೆ ಪುಣೆಯಿಂದ ಅಕ್ಕಲಕೋಟೆಗೆ ಬಂದ ಮೊಮ್ಮಗ ನಮ್ಮನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಆಟ ಆಡಿ ತೋರಿಸಿದ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಅದರ ಹೆಸರು. ರಾಜಿ ಯಾವ ಪುರಾಣದಲ್ಲೂ ಇಲ್ಲ. ದೊಂಬರಾಟ ಬಲ್ಲ ಬಾಲೆ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಅರಸಿ ಹೊರಡುತ್ತಾಳೆ. ದುರ್ಗೆ ತ್ರಿಶೂಲ ಕೊಡುತ್ತಾಳೆ, ಕಾಳಗ ಮಾತ್ರ ಹುಡುಗಿಯದೇ. ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಅವಳ ಕಥೆಯನ್ನು ತಮ್ಮೊಳಗೆ ಆಡಿಕೊಳ್ಳುತ್ತಾರೆ. ನಡುನಡುವೆ ತೊಗಲುಗೊಂಬೆಯಾಟದ ರೀತಿಯ ದೃಶ್ಯಗಳು. ಇದರಲ್ಲಿ ನಮಗೆ ಅಪಚಾರ ಕಾಣಲಿಲ್ಲ. ತಮ್ಮನ ಮೇಲಿನ ಮಮತೆಯೇ ಅವಳಿಗೆ ಆ ಲೋಕದಲ್ಲಿ ಪ್ರವೇಶಾಧಿಕಾರ.

ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನಾದರೂ ವ್ಯಾಸಭಾರತದಲ್ಲಿ ಎಲ್ಲಿದ್ದಾನೆ? ಆದರೂ ಅವನು ನಮಗೆ ಅಭಿಮನ್ಯುವಿನಷ್ಟೇ ಆಪ್ತ. (ಕುಂತಳವೆಂಬುದು ಈ ಸೀಮೆಯ ಹಳೆಯ ಹೆಸರೂ ಹೌದಷ್ಟೆ.) ಅಶ್ವಮೇಧದ ಕುದುರೆ ಅವನ ನಾಡಿಗೆ ಬಂದಾಗ ಗಾಂಡೀವಧಾರಿ ಅರ್ಜುನನೇ ಕೇಳುಗನಾಗುತ್ತಾನೆ, ನಾರದರು ಹೇಳುತ್ತಾರೆ. ಪರಿಚಿತ ವೀರನು ಹೊಸಬನ ಕಥೆಗೆ ಕಿವಿಗೊಡುವಂತೆ ಮಾಡಿದ್ದು ಆ ಕಾವ್ಯದ ಜಾಣ್ಮೆ.

ರಾಜಿ ಸೋಲುವುದೂ ಇಲ್ಲಿಯೇ. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಪುರಾಣದ ಚಿತ್ರಗಳಿವೆ. ಅವಳು ನಿಲ್ಲುತ್ತಾಳೆ, ದೇವತೆಗಳು ಆ ಹಳೆಯ ಕಥೆ ಹೇಳುತ್ತಾರೆ, ಅವಳು ಮುಂದೆ ನಡೆಯುತ್ತಾಳೆ. ಚಿತ್ರಗಳು ಮನೋಹರ, ಆದರೆ ಆ ಕಥೆಗಳಿಂದ ಅವಳ ದುಃಖಕ್ಕೆ ಏನೂ ಒದಗುವುದಿಲ್ಲ. ಅಷ್ಟು ಹೊತ್ತು ನಾಯಕಿಯು ಶಾಲಾ ಪ್ರವಾಸದ ವಿದ್ಯಾರ್ಥಿನಿಯಾಗಿಬಿಡುತ್ತಾಳೆ. ಮಹಾಬಲಾಸುರನವರೆಗೂ ಏರಿದ ಕಥೆ, ಇನ್ನೇನು ಫಲ ಕೊಡಬೇಕು ಎನ್ನುವಾಗ ಹಠಾತ್ತನೆ ನಿಂತೂ ಹೋಗುತ್ತದೆ.

‘ಮುಂದೇನಾತು ಅಜ್ಜಾ?’ ಎಂದು ಮೊಮ್ಮಗ ಸಿಡುಕಿದ. ನಮಗೆ ತಿಳಿಯದು. ಬದಲಿಗೆ ಆ ರಾತ್ರಿ ಚಂದ್ರಹಾಸನ ಕಥೆ ಹೇಳಿದೆವು. ದುಷ್ಟಬುದ್ಧಿಯ ಓಲೆಯಲ್ಲಿ ‘ವಿಷ’ವನ್ನು ‘ವಿಷಯೆ’ಯಾಗಿ ತಿದ್ದಿ ಅವಳು ಅವನ ಪ್ರಾಣ ಉಳಿಸಿದಳೆಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಒಂದೇ ಅಕ್ಷರದಿಂದಲೇ ಎಂದ. ಮರಾಠಿ ಶಾಲೆಯ ಹುಡುಗ. ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೂ ಪದಗಳನ್ನು ಕನ್ನಡದಲ್ಲಿ ದಪ್ಪಗೆ ಬರೆದೆವು. ಬೆರಳಿಟ್ಟು, ತಡವರಿಸುತ್ತ, ತಾನೇ ಓದಿದ.