ಶಾಲೆಯ ಗೇಟಿನಲ್ಲಿ ಬಿಟ್ಟುಬಂದ ಮಾತು

ನ್ಯಾಯಾಲಯದ ತೀರ್ಪುಗಳನ್ನು ಕಥೆಗಳಂತೆ ಓದುವ ಚಟವೊಂದು ನಮಗೆ ಅಂಟಿಕೊಂಡಿದೆ. ವಕೀಲರು ಅದರಲ್ಲಿ ಕಲಮು, ಉಪಕಲಮುಗಳನ್ನು ಹುಡುಕುತ್ತಾರೆ. ನಾವು ಪಾತ್ರಗಳನ್ನು ಹುಡುಕುತ್ತೇವೆ. ಯಾರು ಮಾತಾಡುತ್ತಿದ್ದಾರೆ, ಯಾರ ಬಗ್ಗೆ ಮಾತಾಡಲಾಗುತ್ತಿದೆ, ವಾದ ಯಾವ ಉಪಮೆಯ ಮೇಲೆ ನಿಂತಿದೆ ಎಂಬುದಷ್ಟೇ ನಮ್ಮ ಕುತೂಹಲ.

ಶಾಲಾ ಮಕ್ಕಳ ವಾಕ್ ಸ್ವಾತಂತ್ರ್ಯದ ಬಗ್ಗೆ ನಮ್ಮ ದೇಶದಲ್ಲಿ ಬಂದಿರುವ ಇಂಥ ಬರವಣಿಗೆಯಲ್ಲಿ 1986ರ ಆಗಸ್ಟ್ 11ರ ಬಿಜೊ ಎಮ್ಯಾನುಯೆಲ್ ತೀರ್ಪಿಗೆ ಮೊದಲ ಸ್ಥಾನ. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಕಾನೂನಿನಿಂದ ಆರಂಭಿಸುವುದಿಲ್ಲ, ಮೂವರು ಮಕ್ಕಳ ಹೆಸರಿನಿಂದ ಆರಂಭಿಸುತ್ತಾರೆ: ಬಿಜೊ, ಬಿನು ಮೋಳ್, ಬಿಂದು. ಒಬ್ಬ ಹತ್ತನೆಯ ತರಗತಿ, ಒಬ್ಬಳು ಒಂಬತ್ತು, ಚಿಕ್ಕವಳು ಐದು. ಕೇರಳದ ಈ ಮಕ್ಕಳು ಯೆಹೋವನ ಸಾಕ್ಷಿಗಳ ಪಂಥದವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಟ್ಟಲೆ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು, ಆಯೋಗವೂ ಬಂತು. ಮಕ್ಕಳು ಅಗೌರವ ತೋರಿಲ್ಲ ಎಂದು ಆಯೋಗವೇ ವರದಿ ಕೊಟ್ಟಿತು. ಆದರೂ ಮೇಲಿನವರ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಹಾಕಿದರು.

ಕೇರಳ ಹೈಕೋರ್ಟು ರಾಷ್ಟ್ರಗೀತೆಯ ಪದಪದವನ್ನೂ ಜಾಲಾಡಿ, ಯಾರ ಧರ್ಮಕ್ಕೂ ನೋವಾಗುವಂಥದ್ದು ಇದರಲ್ಲಿಲ್ಲ ಎಂದು ಮಕ್ಕಳನ್ನು ವಾಪಸು ಕಳಿಸಿತು. ಚಿನ್ನಪ್ಪ ರೆಡ್ಡಿಯವರು ಒಂದೇ ಮಾತಿನಲ್ಲಿ ಆ ದಾರಿಯನ್ನು ಮುಚ್ಚಿದರು: ಪ್ರಶ್ನೆ ಅದಲ್ಲ. ಮಕ್ಕಳ ನಂಬಿಕೆ ನಮಗೆ ಒಪ್ಪಿಗೆಯೋ ಅಲ್ಲವೋ ಎಂಬುದು ಮುಖ್ಯವಲ್ಲ, ಅದನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದು ಮುಖ್ಯ. ವಾಕ್ ಸ್ವಾತಂತ್ರ್ಯದೊಳಗೆ ಸುಮ್ಮನಿರುವ ಸ್ವಾತಂತ್ರ್ಯವೂ ಇದೆ, ಅದನ್ನು ಇಲಾಖೆಯ ಸುತ್ತೋಲೆಯೊಂದು ಕಿತ್ತುಕೊಳ್ಳಲಾರದು, ಏಕೆಂದರೆ ಸುತ್ತೋಲೆ ಕಾನೂನಲ್ಲ. ಈ ಕೊನೆಯ ಮಾತನ್ನು ನಮ್ಮ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಬರೆದು ಹಾಕಬಹುದು ಅನಿಸುತ್ತದೆ.

ಉರ್ದುವಿನಲ್ಲಿ ‘ಬೇಜುಬಾನ್’ ಬೇರೆ, ‘ಖಾಮೋಶ್’ ಬೇರೆ. ಮೊದಲನೆಯವನಿಗೆ ನಾಲಗೆಯೇ ಇಲ್ಲ; ಎರಡನೆಯವನು ನಾಲಗೆ ಇದ್ದೂ ಸುಮ್ಮನಿದ್ದಾನೆ. ಶಾಲೆಗಳು ಮಕ್ಕಳನ್ನು ಬೇಜುಬಾನ್ ಎಂದೇ ತಿಳಿದಿರುತ್ತವೆ. ಈ ಮೂವರು ಖಾಮೋಶ್ ಎಂಬುದನ್ನು ಗುರುತಿಸಿದ್ದೇ ಆ ತೀರ್ಪಿನ ದೊಡ್ಡತನ.

ಚಿನ್ನಪ್ಪ ರೆಡ್ಡಿಯವರು ಆಧಾರಕ್ಕೆ ತೆಗೆದುಕೊಂಡದ್ದರಲ್ಲಿ ಅಮೆರಿಕದ 1943ರ ಒಂದು ತೀರ್ಪೂ ಇದೆ. ಅದರ ಹಿಂದೆ ಇನ್ನೊಂದು ಕಥೆ. 1935ರಲ್ಲಿ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಊರಿನಲ್ಲಿ ಇದೇ ಪಂಥದ ಲಿಲಿಯನ್, ವಿಲಿಯಂ ಎಂಬ ಅಕ್ಕ ತಮ್ಮ ಧ್ವಜವಂದನೆ ಮಾಡಲಿಲ್ಲವೆಂದು ಶಾಲೆ ಕಳೆದುಕೊಂಡರು. 1940ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಶಾಲೆಯ ಪರ, ಒಬ್ಬರು ಮಾತ್ರ ಮಕ್ಕಳ ಪರ. ತೀರ್ಪು ಬಂದದ್ದೇ ತಡ, ಆ ಪಂಥದವರ ಮೇಲೆ ಊರೂರಲ್ಲಿ ಹಲ್ಲೆಗಳಾದವು. ಮೂರೇ ವರ್ಷಕ್ಕೆ ಕೋರ್ಟು ತನ್ನ ಮಾತನ್ನು ತಾನೇ ನುಂಗಿ ಮಕ್ಕಳ ಪರ ನಿಂತಿತು.

ಆ ಅಕ್ಕ ತಮ್ಮನ ಮನೆತನದ ಹೆಸರು ಗೋಬಿಟಸ್. ಕೋರ್ಟಿನ ದಾಖಲೆಯಲ್ಲಿ ಅದು ಗೋಬಿಟಿಸ್ ಎಂದಾಯಿತು. 1943ರ ಮೊಕದ್ದಮೆಯ ಕುಟುಂಬದ ಹೆಸರಿಗೂ ಒಂದು ಅಕ್ಷರ ಹೆಚ್ಚಾಗಿ ಅಂಟಿಕೊಂಡಿತು. ಇತಿಹಾಸ ಸೃಷ್ಟಿಸಿದ ಮಕ್ಕಳ ಹೆಸರು ಇಂದಿಗೂ ತಪ್ಪಾಗಿಯೇ ಉಳಿದಿದೆ. ನಾವು ಉರ್ದು ಪ್ರೈಮರಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ದಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ‘ಖ’ ‘ಕ’ ಆಯಿತು. ‘ಸಾರ್, ಅದು ಹಾಗಲ್ಲ’ ಎಂದು ಹೇಳಲು ಎದ್ದು ನಿಂತು, ಹಾಗೇ ಕೂತೆವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾವು ಇಂದಿಗೂ ‘ಕ’ ದವರೇ.

ಇನ್ನು ಉಪಮೆಯ ವಿಷಯ. 1965ರ ಡಿಸೆಂಬರಿನಲ್ಲಿ ಡೆ ಮೊಯಿನ್ ನಗರದ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. 13ರ ಮೇರಿ ಬೆತ್ ಟಿಂಕರ್ ಮತ್ತಿತರರು ಅಮಾನತಾದರು. 1969ರಲ್ಲಿ ಅವರ ಪರ ತೀರ್ಪು ಬರೆದ ನ್ಯಾಯಮೂರ್ತಿ ಫೋರ್ಟಾಸ್ ಬಳಸಿದ ಚಿತ್ರ ಶಾಲೆಯ ಗೇಟಿನದು: ವಿದ್ಯಾರ್ಥಿಯಾಗಲಿ ಶಿಕ್ಷಕರಾಗಲಿ ತಮ್ಮ ಹಕ್ಕನ್ನು ಅಲ್ಲಿ ಕಳಚಿಟ್ಟು ಒಳಗೆ ಬರುವುದಿಲ್ಲ.

2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟು ಹಿಜಾಬ್ ಪ್ರಕರಣದಲ್ಲಿ ಆರಿಸಿಕೊಂಡ ಚಿತ್ರ ಬೇರೆ. ಅಲ್ಲಿ ಶಾಲೆಯ ಪಕ್ಕದಲ್ಲಿ ಬಂದು ನಿಲ್ಲುವುದು ಸೇನಾ ಶಿಬಿರ, ವಿಚಾರಣಾಧೀನ ಕೈದಿ. ಪಂಪನ ಕಾಲದಿಂದ ಉಪಮೆಯನ್ನು ತೂಗಿ ನೋಡಿದ ಭಾಷೆ ನಮ್ಮದು. ಇದು ತೂಕಕ್ಕೆ ನಿಲ್ಲುವುದಿಲ್ಲ. ಕೈದಿಯನ್ನು ಒಳಗಿಡಲು ಗೇಟು ಬೇಕು, ಹುಡುಗಿ ಒಳಗೆ ಬರಲು ಗೇಟು ಬೇಕು. ಇನ್ನೂ ಬೇಸರದ ಸಂಗತಿಯೆಂದರೆ ಕೇರಳ ಹೈಕೋರ್ಟು ರಾಷ್ಟ್ರಗೀತೆಯ ಪದಗಳಲ್ಲಿ ಮಾಡಿದ ಹುಡುಕಾಟವನ್ನೇ ಇಲ್ಲಿ ಧರ್ಮಗ್ರಂಥದಲ್ಲಿ ಮಾಡಲಾಯಿತು. ಹಿಜಾಬ್ ಧರ್ಮದ ಅತ್ಯವಶ್ಯ ಆಚರಣೆಯೇ? ಅಲ್ಲ ಎಂದಿತು ಕೋರ್ಟು. ನಮ್ಮ ಕಡೆಯ ಹಲವರು ಕೂಡ, ಮೌಲ್ವಿಗಳಾದಿಯಾಗಿ, ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು ಎಂಬುದನ್ನು ಮುಚ್ಚಿಡಬಾರದು. ಆ ಗದ್ದಲದಲ್ಲಿ ಹುಡುಗಿಯ ಸ್ವಂತ ಮಾತು ಎರಡೂ ಕಡೆಯಿಂದ ಕಳೆದುಹೋಯಿತು. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದಾಗ, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಬಿಜೊ ತೀರ್ಪಿಗೆ ಮರಳಿದರು. ಶಾಲೆಯನ್ನು ಜೈಲಿಗೆ ಹೋಲಿಸುವುದು ಸರಿಯಲ್ಲ ಎಂದರು. ಅವರ ತೀರ್ಪಿನಲ್ಲೂ ಶಾಲೆಯ ಗೇಟು ಬರುತ್ತದೆ.

ಬಿಜೊ ತೀರ್ಪನ್ನು ಇಷ್ಟು ಮೆಚ್ಚಿದ ಮೇಲೂ ನಮ್ಮದೊಂದು ತಕರಾರಿದೆ. ಅದರ ಮಕ್ಕಳು ತುಂಬಾ ಒಳ್ಳೆಯವರು. ವಿಧೇಯರು, ಗೌರವದಿಂದ ನಿಂತವರು. ಟಿಂಕರ್ ಮಕ್ಕಳೂ ಯಾರಿಗೂ ತೊಂದರೆ ಕೊಟ್ಟವರಲ್ಲ. ಹಕ್ಕನ್ನು ನಡತೆ ಪ್ರಮಾಣಪತ್ರದಂತೆ ಕೊಟ್ಟ ಹಾಗಿದೆ. ಸುಮ್ಮನಿರುವ ಮಗುವಿನ ಬದಲು ಜೋರಾಗಿ ಮಾತಾಡುವ ಮಗು ಬಂದರೆ?

ಬಂತು. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಚಿಕ್ಕ ತರಗತಿಗಳ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸಾಯಿತು, ಮುಖ್ಯೋಪಾಧ್ಯಾಯಿನಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಬಂಧನಕ್ಕೊಳಗಾದರು, ಪೊಲೀಸರು ಸಮವಸ್ತ್ರದಲ್ಲಿ ಬಂದು ಮಕ್ಕಳನ್ನು ಕೂರಿಸಿ ಪ್ರಶ್ನಿಸಿದರು. ಅದು ಮಕ್ಕಳ ನ್ಯಾಯ ಕಾಯ್ದೆಗೆ ವಿರುದ್ಧವೆಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕೇಸನ್ನೇ ರದ್ದು ಮಾಡಿತು. ಸಂತೋಷ. ಆದರೆ ಅದೇ ತೀರ್ಪು ಶಾಲೆಗಳಿಗೆ ಒಂದು ಬುದ್ಧಿವಾದವನ್ನೂ ಹೇಳಿದೆ: ಪ್ರಚಲಿತ ರಾಜಕೀಯ ಎಳೆಯ ಮನಸ್ಸನ್ನು ಕೆಡಿಸುತ್ತದೆ, ಜ್ಞಾನ, ತಂತ್ರಜ್ಞಾನ ಕೊಡಿ. ನಾಳೆ ತನ್ನ ಅಪ್ಪನ ಬಳಿ ಯಾವ ಕಾಗದ ಕೇಳುತ್ತಾರೋ ಎಂದು ರಾತ್ರಿ ಮನೆಯ ಮಾತು ಕೇಳಿಸಿಕೊಂಡು ಮಲಗಿದ ಮಗುವಿಗೆ ಅದು ರಾಜಕೀಯವಲ್ಲ, ಮನೆ ವಾರ್ತೆ.

ಹೋದ ವರ್ಷ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎರಡು ದಿನದ ಕಥಾ ಕಮ್ಮಟ ನಡೆಸಿಕೊಟ್ಟೆವು. ನಲವತ್ತು ಮಕ್ಕಳ ಕಥೆಗಳಲ್ಲಿ ಬಹುಪಾಲು ಕಾಡು, ಮೊಲ, ನರಿ. ಒಬ್ಬ ಹುಡುಗಿ ಮಾತ್ರ ತಿಂಗಳ ಆ ದಿನಗಳಲ್ಲಿ ತಾನು ಶಾಲೆಗೇಕೆ ಬರುವುದಿಲ್ಲ ಎಂದು ಬರೆದಿದ್ದಳು. ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ. ಆರಿಸಿದ ಕಥೆಗಳನ್ನು ಗೋಡೆ ಪತ್ರಿಕೆಗೆ ಅಂಟಿಸುವ ಹೊತ್ತಿಗೆ ಮೇಷ್ಟ್ರು ಹತ್ತಿರ ಬಂದು, ‘ಇದೊಂದು ಬೇಡ ಸಾರ್, ನಾಳೆ ಬಿಇಒ ಸಾಹೇಬ್ರು ಬರ್ತಾರೆ’ ಎಂದರು. ಒಳ್ಳೆಯ ಮನುಷ್ಯ, ವರ್ಗಾವಣೆಗೆ ಹೆದರಿದ್ದರು. ನಾವು ‘ಆಯ್ತು’ ಎಂದೆವು. ಮೊಲದ ಕಥೆಯೊಂದನ್ನು ಆ ಜಾಗಕ್ಕೆ ಅಂಟಿಸಿದೆವು. ಹುಡುಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ.