ಒಂದು ಹೆಜ್ಜೆಯ ಬೆಳಕು

ಕಾರ್ಯಕ್ಕೆ ಮೊದಲು ವಿಚಾರವು ಅವಶ್ಯವೆಂಬುದು ನಿರ್ವಿವಾದ. ಆದರೆ ವಿಚಾರವೇ ಕಾರ್ಯದ ಸ್ಥಾನವನ್ನು ಆಕ್ರಮಿಸಿದರೆ ಮನಸ್ಸು ತನ್ನ ಶಂಕೆಗಳಿಗೆ ತಾನೇ ಸೆರೆಯಾಗುತ್ತದೆ. ಈ ಸೆರೆಯಿಂದ ಬಿಡುಗಡೆ ಹೇಗೆಂಬುದಕ್ಕೆ, ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಉತ್ತಮ ನಿದರ್ಶನ.

ಹೊಸ ಕಾಲದ ಭಾವಗಳನ್ನು ಕನ್ನಡವು ಹೊರಬಲ್ಲುದೆ? ದ್ವಿತೀಯಾಕ್ಷರಪ್ರಾಸವನ್ನು ಬಿಟ್ಟರೆ ಪದ್ಯವು ಪದ್ಯವಾಗಿ ಉಳಿಯುವುದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತರನ್ನು ಕಾಡಿದ ಸಂದೇಹಗಳಿವು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತ್ಯಜಿಸಿ ಬರೆದೇ ತೋರಿಸಿದರು. ಅದೇ ವರ್ಷ ಶ್ರೀಕಂಠಯ್ಯನವರು ಧಾರವಾಡದಲ್ಲಿ, ಕನ್ನಡದ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವಿತ್ತರು. ಉಪನ್ಯಾಸವು ಪ್ರಶ್ನೆಯನ್ನು ತಿಳಿಯಾಗಿಸಬಲ್ಲುದು, ತೀರಿಸಲಾರದು. ತೀರಿಸಿದುದು 1926ರ ಈ ಸಂಕಲನ. ಇಲ್ಲಿ ಅವರು ಹಿಡಿದ ಉಪಾಯವು ಗಮನಾರ್ಹವಾದುದು. ಏನನ್ನು ಹೇಳಬೇಕು, ಹೇಗೆ ಹೇಳಬೇಕು ಎಂಬ ಎರಡು ಭಾರಗಳಲ್ಲಿ ಮೊದಲನೆಯದನ್ನು ಆಂಗ್ಲಕವಿಗಳ ಹೆಗಲಿಗಿಟ್ಟರು. ಮಾತ್ರಾಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸುವ ಎರಡನೆಯದನ್ನು ಮಾತ್ರ ತಾವು ಹೊತ್ತರು. ಭಾರವು ಅರ್ಧವಾದೊಡನೆ ಕಾಲು ಮುಂದಕ್ಕೆ ಬಂದಿತು.

ಸಂಕಲನದ ‘ಕರುಣಾಳು ಬಾ ಬೆಳಕೆ’ ಗೀತೆಯ ಹುರುಳೂ ಇದೇ. ಮೂಲವನ್ನು ನ್ಯೂಮನ್ ಕವಿಯು 1833ರಲ್ಲಿ, ಸಿಸಿಲಿಯಲ್ಲಿ ತೀವ್ರವಾದ ಕಾಯಿಲೆಯಿಂದೆದ್ದು ಮರಳುವಾಗ, ಹಡಗಿನಲ್ಲಿ ರಚಿಸಿದನು. ದೂರದ ನೋಟವನ್ನೆಲ್ಲ ಕಾಣಬೇಕೆಂಬ ಹಟವನ್ನು ಬಿಟ್ಟು, ಮುಂದಿನ ಹೆಜ್ಜೆಗೆ ಸಾಲುವಷ್ಟು ಬೆಳಕನ್ನು ಬೇಡುವುದು ಅದರ ತಾತ್ಪರ್ಯ. ಆಂಗ್ಲಮೂಲವು ಮುನ್ನಡೆಸೆಂದು ಕೇಳಿದರೆ ಕನ್ನಡವು ಕೈಯನ್ನು ಹಿಡಿಯೆಂದೂ ಕೇಳುತ್ತದೆ. ಈ ಒಂದು ಸೇರ್ಪಡೆಯಿಂದ ಪರದೇಶದ ಪ್ರಾರ್ಥನೆಯು ನಮ್ಮ ಮನೆಯ ಮಾತಾಯಿತು. ಸಂಶಯವಿದ್ದೂ ನಡೆಯುವವನ ಹಾಡಿದು.

ಎಲ್ಲ ಅನುವಾದಗಳೂ ಈ ಮಟ್ಟವನ್ನು ಮುಟ್ಟಿವೆಯೆಂದು ಹೇಳಲಾಗದು. ಕೆಲವೆಡೆ ಆಂಗ್ಲರ ಸನ್ನಿವೇಶವು ಕನ್ನಡದ ಮೈಗೆ ಒಗ್ಗದೆ ಉಳಿದಿದೆ. ಆದರೆ ಒಂದು ದೋಷವೂ ಇಲ್ಲದ ಗೀತೆ ಕೈಗೂಡುವವರೆಗೆ ಅವರು ಕಾದಿದ್ದರೆ, ಕುವೆಂಪು, ಪು. ತಿ. ನ. ಮೊದಲಾದವರ ತಲೆಮಾರಿಗೆ ಈ ಹಾದಿಯು ಅಷ್ಟು ಬೇಗ ತೆರೆಯುತ್ತಿರಲಿಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೋಟಗಾರನು ಮುಂದಿನ ವರ್ಷಗಳ ಮಳೆಯ ಲೆಕ್ಕವೆಲ್ಲ ಕೈಗೆ ಬರಲೆಂದು ಕುಳಿತರೆ ತೆಂಗಿನ ಸಸಿಯು ನೆಲವನ್ನೇ ಕಾಣದು. ಸಂಪಿಗೆಯ ಈ ಕವಿಯೂ ತಮ್ಮ ಸೀಮೆಯ ತೋಟಗಾರನಂತೆ, ಫಲದ ಭರವಸೆಗೆ ಕಾಯದೆ, ಸಸಿಯನ್ನು ನೆಟ್ಟರು.